ತಂತಿ ತಳದ ಗೂಡಿನಲ್ಲಿ ಮೊಲವನ್ನು ಇಡುವ ಮುನ್ನ

ಮೊಲ ಸಾಕಬೇಕೆಂದುಕೊಂಡಿರುವವರು, ಅವರಿಗಿಂತ ಹೆಚ್ಚಾಗಿ ಈಗಾಗಲೇ ತಂತಿ ತಳದ ಗೂಡಿನಲ್ಲಿ ಮೊಲವನ್ನು ಇಟ್ಟುಕೊಂಡಿರುವವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಚೆನ್ನಾಗಿ ನೋಡಿಕೊಂಡರೆ ಮನೆಯ ಮೊಲ 8ರಿಂದ 12 ವರ್ಷ ಬದುಕುತ್ತದೆ. ನಮ್ಮಲ್ಲಿದ್ದ ಎರಡು ಮೊಲಗಳಲ್ಲಿ ಒಂದು ಅಂಗಾಲಿನ ಹುಣ್ಣಿನಿಂದ ಎರಡು ತಿಂಗಳು ನರಳಿತು, ಇನ್ನೊಂದು ಎರಡು ವರ್ಷ ತುಂಬುವ ಮೊದಲೇ ಸತ್ತಿತು. ಎರಡಕ್ಕೂ ಕಾರಣವಾದದ್ದು ನಾನೇ ಆರಿಸಿ, ನಾನೇ ಹಣ ಕೊಟ್ಟು ತಂದ ಗೂಡು.

ಅವು ಒಂದೇ ತಾಯಿಯ ಮರಿಗಳು, ಎರಡೂ ಹೆಣ್ಣು. ಮೈಯೆಲ್ಲ ಬಿಳಿಯಾಗಿದ್ದವಳು ಬೆಳ್ಳಿ. ಬಿಳಿ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಕಪ್ಪು ಗೆರೆಯಿದ್ದವಳು ಕಾಡಿಗೆ. ಮರಿಗಳನ್ನು ತರುವ ಮೊದಲೇ ಗೂಡನ್ನು ತಂದಿಟ್ಟಿದ್ದೆ. ಸುಮಾರು 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಎರಡು ಅಂತಸ್ತಿನ ತಂತಿ ಗೂಡು ಅದು. ನೆಲವೂ ತಂತಿಯದೇ, ಮೇಲಂತಸ್ತಿಗೆ ಹತ್ತುವ ಇಳಿಜಾರೂ ತಂತಿಯದೇ. ಹಿಕ್ಕೆ ಮತ್ತು ಮೂತ್ರ ಕೆಳಗಿನ ಟ್ರೇಗೆ ಬೀಳುತ್ತವೆ, ಟ್ರೇಯನ್ನು ಎಳೆದು ತೊಳೆದರೆ ಕೆಲಸ ಮುಗಿಯಿತು, ಎರಡು ಮೊಲಕ್ಕೆ ಇದು ಧಾರಾಳವಾಗಿ ಸಾಕು ಎಂದು ಮಾರಿದವರು ಹೇಳಿದರು. ಅವರು ಹೇಳಿದ ಗುಣಗಳೆಲ್ಲ ತೊಳೆಯುವವರ ಅನುಕೂಲಕ್ಕೆ ಸಂಬಂಧಿಸಿದವು ಎಂಬುದು ಅಂದು ನನಗೆ ಹೊಳೆಯಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಮರಿಗಳಿಗೆ ಆ ಗೂಡು ದೊಡ್ಡದಾಗಿಯೇ ಕಂಡಿತ್ತು. ಆರು ತಿಂಗಳಲ್ಲಿ ಎರಡೂ ಎರಡೆರಡು ಕಿಲೋ ತೂಗತೊಡಗಿದಾಗ, ಒಂದು ಮೊಲ ಪೂರ್ತಿ ಒಂದು ನೆಗೆತ ನೆಗೆದರೆ ಮೂತಿ ಎದುರಿನ ಜಾಲರಿಗೆ ತಾಗುತ್ತಿತ್ತು. ಎರಡು ಅಂತಸ್ತು ಇದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಮೊಲ ಓಡುವುದು ಮಟ್ಟಸ ನೆಲದ ಮೇಲೆ. 90 ಸೆಂಟಿಮೀಟರಿನ ಎರಡು ಅಂತಸ್ತುಗಳನ್ನು ಕೂಡಿಸಿದರೆ ಓಡಲು 180 ಸೆಂಟಿಮೀಟರ್ ಸಿಗುವುದಿಲ್ಲ.

ಎಂಟನೆಯ ತಿಂಗಳಿನಲ್ಲಿ ಬೆಳ್ಳಿ ಕುಳಿತಲ್ಲೇ ಹಿಂಗಾಲುಗಳನ್ನು ಒಂದೊಂದಾಗಿ ಎತ್ತಿ ಇಡುವುದನ್ನು ಗಮನಿಸಿದೆ. ನೋವಿದ್ದರೂ ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ. ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ತನ್ನ ದೌರ್ಬಲ್ಯವನ್ನು ಬಚ್ಚಿಟ್ಟುಕೊಳ್ಳುವುದೇ ಅದರ ಸ್ವಭಾವ. ಹಾಗಾಗಿ ನಾನು ಗಮನಿಸುವ ಹೊತ್ತಿಗೆ ತೊಂದರೆ ಬಹಳ ಮುಂದುವರಿದಿತ್ತು. ಪಶುವೈದ್ಯರು ಅವಳ ಹಿಮ್ಮಡಿಯ ಕಡೆಯ ಕೂದಲನ್ನು ಸರಿಸಿ ತೋರಿಸಿದಾಗ, ಕೂದಲೇ ಇಲ್ಲದ ಕೆಂಪು ಚರ್ಮ, ಅದರ ನಡುವೆ ಒಡೆದು ಹೆಪ್ಪುಗಟ್ಟಿದ ಹುಣ್ಣು ಕಂಡಿತು. ನಾಯಿ ಬೆಕ್ಕುಗಳ ಪಾದದಲ್ಲಿರುವ ಮೆತ್ತನೆಯ ಗದ್ದುಗೆ ಮೊಲಕ್ಕಿಲ್ಲ, ಅದರ ಅಂಗಾಲಿಗೆ ಇರುವ ರಕ್ಷಣೆ ಒತ್ತಾದ ಕೂದಲೊಂದೇ ಎಂದು ಅವರು ವಿವರಿಸಿದರು. ಮೆದುವಾದ ಮಣ್ಣಿನ ಮೇಲೆ ಮೊಲದ ಉಗುರುಗಳು ಒಳಗಿಳಿದು ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ತಂತಿಯ ಮೇಲೆ ಅದೇ ಭಾರ ನಾಲ್ಕಾರು ಸಣ್ಣ ಗೆರೆಗಳ ಮೇಲೆ, ಅದೂ ಹಿಮ್ಮಡಿಯ ಕಡೆಗೆ, ದಿನವಿಡೀ ಒತ್ತುತ್ತಿರುತ್ತದೆ. ಕೂದಲು ಸವೆದು ಚರ್ಮ ಒಡೆದ ಮೇಲೆ ಮೂತ್ರದ ತೇವದಿಂದ ಸೋಂಕು ಸೇರುವುದು ತಡವಾಗುವುದಿಲ್ಲ, ಆ ಸೋಂಕು ಮೂಳೆಗೆ ಇಳಿದರೆ ವಾಸಿಯಾಗುವುದು ಬಹಳ ಕಷ್ಟ. ಬೆಳ್ಳಿಯದು ಮೂಳೆಗೆ ಇಳಿದಿರಲಿಲ್ಲ. ಎರಡು ತಿಂಗಳು ಪಟ್ಟಿ ಕಟ್ಟುವುದು, ಬಿಚ್ಚುವುದು, ಔಷಧಿ ಕುಡಿಸುವುದು ನಡೆಯಿತು; ಪ್ರತಿ ಸಲವೂ ಅವಳು ನನ್ನ ಕೈಗೆ ಹೆದರುವುದು ಹೆಚ್ಚಾಯಿತು.

ಇಲ್ಲಿಗೆ ಗೂಡನ್ನೇ ಬದಲಿಸಬೇಕಿತ್ತು. ನಾನು ಮಾಡಿದ್ದು ತೇಪೆ ಹಾಕುವ ಕೆಲಸ. ತಂತಿಯ ಮೇಲೆ ಹಲಗೆ ಹಾಕಿದೆ, ಅದರ ಮೇಲೆ ಪೈನ್ ಮರದ ಹೆರೆಪುಡಿಯನ್ನು ಹರಡಿದೆ. ಹಲಗೆ ಮೂತ್ರವನ್ನು ಹೀರಿಕೊಂಡಿತು. ನಿಂತು ಮೂಸಿದರೆ ನನಗೆ ಅಷ್ಟಾಗಿ ತಿಳಿಯದಿದ್ದ ಅಮೋನಿಯಾ ವಾಸನೆ, ಮೊಣಕಾಲೂರಿ ಮುಖವನ್ನು ಗೂಡಿನ ನೆಲದ ಮಟ್ಟಕ್ಕೆ ತಂದಾಗ ಕಣ್ಣು ಉರಿಯುವಷ್ಟಿತ್ತು. ಅವುಗಳ ಮೂಗು ಸದಾ ಇರುತ್ತಿದ್ದುದು ಅದೇ ಮಟ್ಟದಲ್ಲಿ. ಎರಡೂ ಸೀನಲು ಶುರುಮಾಡಿದವು. ಪೈನ್ ಮತ್ತು ಸೀಡರ್ ಮರಗಳ ಹಸಿ ಹೆರೆಪುಡಿಯಿಂದ ಹೊಮ್ಮುವ ಘಾಟು ಉಸಿರಾಟದ ದಾರಿಯನ್ನು ಕೆರಳಿಸುವುದಲ್ಲದೆ ಯಕೃತ್ತಿನ ಕೆಲಸದ ಮೇಲೂ ಪರಿಣಾಮ ಬೀರುತ್ತದೆಂಬುದು ಆಮೇಲೆ ತಿಳಿಯಿತು. ಒದ್ದೆ ಹಾಸಿನಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ: ಮೂತ್ರ, ಹಿಕ್ಕೆ ಅಂಟಿದ ಬಾಲದ ಸುತ್ತಲಿನ ಕೂದಲಿನಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳುಗಳು ಹೊರಬಂದು ಬದುಕಿರುವ ಮೊಲದ ಮಾಂಸವನ್ನೇ ಕೊರೆಯತೊಡಗುತ್ತವೆ. ಅದೊಂದು ನಮಗೆ ಆಗಲಿಲ್ಲ.

ವಾಸನೆಗೆ ಪರಿಹಾರವೆಂದುಕೊಂಡು ಗೂಡನ್ನು ಅಂಗಳಕ್ಕೆ ಸಾಗಿಸಿದ್ದು ನನ್ನ ಎರಡನೆಯ ತಪ್ಪು. ಮೇಲೆ ತಗಡು ಹೊದಿಸಿ, ಗಾಳಿ ಆಡುತ್ತದೆ, ನೆರಳೂ ಇದೆ ಎಂದುಕೊಂಡೆ. ನಾನು ನೋಡಿದ್ದು ಬೆಳಗಿನ ನೆರಳನ್ನು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಗೋಡೆಯನ್ನು ದಾಟಿ ನೇರವಾಗಿ ಗೂಡಿನ ಮೇಲೆ ಬೀಳುತ್ತಿತ್ತು. ಮೊಲ ನಮ್ಮಂತೆ ಬೆವರಿ ಮೈಯನ್ನು ತಂಪು ಮಾಡಿಕೊಳ್ಳಲಾರದು. ಶಾಖ ಬಹುಮಟ್ಟಿಗೆ ಕಿವಿಗಳ ರಕ್ತನಾಳಗಳ ಮೂಲಕವೇ ಹೊರಹೋಗಬೇಕು. ಅದಕ್ಕೆ ಹಿತವಾದ ಉಷ್ಣತೆ ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್, 30 ಡಿಗ್ರಿಯ ಹತ್ತಿರಕ್ಕೆ ಏರಿದರೆ ಪ್ರಾಣಕ್ಕೇ ಸಂಚಕಾರ. ಒಂದು ದಿನ ಬೇಗ ಮನೆಗೆ ಬಂದಾಗ ಎರಡೂ ಕಾಲು ಚಾಚಿ ಮಲಗಿ, ಮೂಗಿನ ಹೊಳ್ಳೆ ಅಗಲಿಸಿ ಏದುಸಿರು ಬಿಡುತ್ತಿದ್ದವು, ಕಿವಿಗಳು ಮುಟ್ಟಿದರೆ ಸುಡುತ್ತಿದ್ದವು. ಒಳಗೆ ತಂದು, ತಣ್ಣೀರಿನಲ್ಲಿ ಮುಳುಗಿಸದೆ, ಸಾಧಾರಣ ನೀರಿನಿಂದ ಕಿವಿಗಳನ್ನು ಒರೆಸುತ್ತಾ ವೈದ್ಯರ ಬಳಿಗೆ ಓಡಿದೆ. ಉಳಿದುಕೊಂಡವು. ಅಂದಿನಿಂದ ಗೂಡನ್ನು ದಿನವಿಡೀ ಬಿಸಿಲು ಬೀಳದ ಮೂಲೆಗೆ ಸರಿಸಿ ಉಷ್ಣಮಾಪಕ ತೂಗುಹಾಕಿದೆ, ಚಿಲಕದ ಜೊತೆಗೆ ಬೀಗವನ್ನೂ ಹಾಕಿದೆ. ಇನ್ನು ಯಾವ ಅಪಾಯವೂ ಇಲ್ಲವೆಂದು ಮನಸ್ಸಿನಲ್ಲಿ ನಂಬಿಬಿಟ್ಟೆ.

ಅದಾಗಿ ಮೂರು ವಾರಕ್ಕೆ, ಬೆಳಗಿನ ಜಾವ, ಮೊಲ ಅಪಾಯದ ಸೂಚನೆಯಾಗಿ ಹಿಂಗಾಲನ್ನು ನೆಲಕ್ಕೆ ಬಡಿಯುವ ಸದ್ದು ಕೇಳಿ ಎಚ್ಚರವಾಯಿತು. ಆಮೇಲೆ ತಗಡಿನ ಸದ್ದು. ನಾನು ಬಾಗಿಲು ತೆಗೆದು ಹೋಗುವಷ್ಟರಲ್ಲಿ ಗೂಡಿನ ಮೇಲೆ ಕುಳಿತಿದ್ದ ಬೆಕ್ಕು ಹಾರಿ ಓಡಿತು. ಬೀಗ ಹಾಗೆಯೇ ಇತ್ತು, ಜಾಲರಿ ಎಲ್ಲಿಯೂ ಹರಿದಿರಲಿಲ್ಲ, ಒಳಗೆ ಒಂದು ತೊಟ್ಟು ರಕ್ತವಿರಲಿಲ್ಲ. ಬೆಳ್ಳಿ ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಕಾಡಿಗೆ ಅಡ್ಡ ಬಿದ್ದಿದ್ದಳು. ಮುಂಗಾಲುಗಳಿಂದ ತನ್ನನ್ನು ತಾನೇ ಎಳೆದುಕೊಳ್ಳಲು ನೋಡುತ್ತಿದ್ದಳು, ಹಿಂಗಾಲುಗಳು ಹಿಂದೆ ಸುಮ್ಮನೆ ಎಳೆದುಬರುತ್ತಿದ್ದವು.

ಕ್ಷ-ಕಿರಣ ಚಿತ್ರದಲ್ಲಿ ಸೊಂಟದ ಭಾಗದ ಬೆನ್ನುಮೂಳೆ ಮುರಿದಿರುವುದು ಕಂಡಿತು. ಬೆಕ್ಕು ಅವಳನ್ನು ಮುಟ್ಟಿಯೇ ಇರಲಿಲ್ಲ. ಮೊಲದ ಅಸ್ಥಿಪಂಜರ ಅದರ ಮೈತೂಕದ ಕೇವಲ 7–8 ಶೇಕಡಾ, ಬೆಕ್ಕಿನದು 12–13 ಶೇಕಡಾ. ಅಂಥ ಹಗುರ ಮೂಳೆಗೆ ಜೋಡಿಸಿರುವುದು ಒಂದೇ ನೆಗೆತದಲ್ಲಿ ಬಿಲ ಸೇರುವಷ್ಟು ಬಲವಾದ ತೊಡೆಯ ಸ್ನಾಯುಗಳು. ಹೆದರಿದ ಮೊಲ ಓಡಲು ಜಾಗವಿಲ್ಲದೆ, ಅಡಗಲು ಮರೆಯಿಲ್ಲದೆ ಎಲ್ಲ ಶಕ್ತಿಯಿಂದ ಒದ್ದಾಗ ಅದರ ಬೆನ್ನನ್ನು ಅದರ ಕಾಲೇ ಮುರಿಯುತ್ತದೆ. ಗೂಡಿನ ಕಂಬಿಗಳ ನಡುವೆ ಬಿದ್ದ ಏಟೋ, ಬರಿಯ ಒದೆತವೋ ಹೇಳಲಾಗದು, ಎರಡರಿಂದಲೂ ಇದು ಆಗುತ್ತದೆ ಎಂದರು ವೈದ್ಯರು. ಸಾಲದ್ದಕ್ಕೆ ಇಕ್ಕಟ್ಟಿನಲ್ಲಿ ಬೆಳೆದು ಓಡಾಟವಿಲ್ಲದ ಮೊಲದ ಮೂಳೆಗಳು ತೆಳುವಾಗಿಯೇ ಉಳಿಯುತ್ತವೆ. ಗಾಬರಿಯಲ್ಲಿ ನಾನು ಅವಳನ್ನು ಎರಡು ಕೈಯಲ್ಲಿ ಬಾಚಿ ಎತ್ತಿಕೊಂಡು ಹೋಗಿದ್ದೆ. ಬೆನ್ನಿಗೆ ಪೆಟ್ಟಾಗಿದೆಯೆಂಬ ಅನುಮಾನ ಬಂದರೆ ಗಟ್ಟಿ ಹಲಗೆ ಅಥವಾ ಮಟ್ಟಸವಾದ ಪೆಟ್ಟಿಗೆಯೊಳಗೆ ಅಲುಗದಂತೆ ಮಲಗಿಸಿ ಒಯ್ಯಬೇಕು. ಮೂತ್ರಕೋಶದ ಹಿಡಿತವೂ ಹೋಗಿತ್ತು. ಆ ದಿನ ಸಂಜೆ, ಅವಳ ನೋವನ್ನು ನಿಲ್ಲಿಸುವ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟೆ.

ಗೂಡು ಭದ್ರವಾಗಿತ್ತಲ್ಲ ಎಂದು ನಾನು ವೈದ್ಯರ ಮುಂದೆ ಹಲವು ಬಾರಿ ಹೇಳಿದೆನಂತೆ. ಹೊರಗಿನದು ಒಳಗೆ ಬರದಿದ್ದರೆ ಗೂಡು ಭದ್ರ ಎಂಬುದು ಮನುಷ್ಯರ ಲೆಕ್ಕ. ಮೊಲಕ್ಕೆ ತನ್ನನ್ನು ಬೇಟೆಯಾಡುವ ಪ್ರಾಣಿ ನಾಲ್ಕೂ ಕಡೆಯಿಂದ ನೋಡುತ್ತಿದೆ ಎಂಬುದೇ ಸಾಕು. ಜಾಲರಿ ಗಟ್ಟಿಯಿದೆಯೆಂಬುದು ಅದಕ್ಕೆ ತಿಳಿಯದು. ನಮ್ಮ ಗೂಡಿನಲ್ಲಿ ಒಂದು ಮರದ ಪೆಟ್ಟಿಗೆ, ಕೊನೆಗೆ ಒಂದು ರಟ್ಟಿನ ಡಬ್ಬವಿದ್ದಿದ್ದರೂ ಕಾಡಿಗೆ ಅದರೊಳಗೆ ನುಗ್ಗಿ ಅಲುಗದೆ ಕುಳಿತಿರುತ್ತಿದ್ದಳು. ಜಾಗ ಕಿರಿದಾಗುತ್ತದೆಂದು ನಾನೇ ಇಟ್ಟಿರಲಿಲ್ಲ.

ಅವಳ ದೇಹವನ್ನು ಸ್ವಲ್ಪ ಹೊತ್ತು ಬೆಳ್ಳಿಯ ಬಳಿ ಇಡುವಂತೆ ವೈದ್ಯರು ಸೂಚಿಸಿದ್ದರು. ಬೆಳ್ಳಿ ಮೂಸಿದಳು, ಕಿವಿಯನ್ನು ನೆಕ್ಕಿದಳು, ಆಮೇಲೆ ದೂರ ಹೋಗಿ ಬೆನ್ನು ತಿರುಗಿಸಿ ಕುಳಿತಳು. ಮರುದಿನ ಬೆಳಿಗ್ಗೆ ಹಾಕಿದ ಹುಲ್ಲು ಹಾಗೆಯೇ ಇತ್ತು, ಹಿಕ್ಕೆಯೂ ಇರಲಿಲ್ಲ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಹತ್ತು ಹನ್ನೆರಡು ಗಂಟೆ ಏನನ್ನೂ ತಿನ್ನದಿದ್ದರೆ ಕರುಳು ನಿಂತುಹೋಗಿ ಸಾಯಬಹುದು, ಅದನ್ನು ನಾಳೆ ನೋಡೋಣ ಎನ್ನುವಂತಿಲ್ಲ. ಮೂರು ದಿನ ಸಿರಿಂಜಿನಲ್ಲಿ ಆಹಾರ ಕೊಟ್ಟು ಅವಳನ್ನು ಉಳಿಸಿಕೊಂಡದ್ದಾಯಿತು.

ಈಗ ಅವಳಿರುವುದು ಮನೆಯೊಳಗೆ, ಕೋಣೆಯ ಒಂದು ಭಾಗಕ್ಕೆ ತಡೆಬೇಲಿ ಹಾಕಿ ಮಾಡಿದ ಆವರಣದಲ್ಲಿ. ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಒಂದೇ ಜಾಗ ಹಗಲು ರಾತ್ರಿ ಸಿಗಬೇಕೆಂದು ಬ್ರಿಟನ್ನಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಹೇಳುತ್ತದೆ. ನಾನು ಅದೇ ಅಳತೆಯನ್ನು ಹಿಡಿದೆ. ಹಗಲು ರಾತ್ರಿ ಎಂಬ ಮಾತು ಮುಖ್ಯ, ಏಕೆಂದರೆ ಮೊಲ ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನಮಗೆ ಬಿಡುವಾದಾಗ ಒಂದು ಗಂಟೆ ಹೊರಗೆ ಬಿಟ್ಟರೆ ಅದು ಅದರ ಹೊತ್ತಾಗಿರುವುದಿಲ್ಲ. ನುಣುಪಾದ ನೆಲದ ಮೇಲೆ ಕಾಲು ಜಾರುವುದರಿಂದ ಜಾರದ ಹಾಸು ಹಾಕಿ, ಅಂಚುಗಳನ್ನು ಕಚ್ಚಿ ನುಂಗದಂತೆ ಬೇಲಿಯ ಅಡಿಗೆ ಸಿಕ್ಕಿಸಿದ್ದೇನೆ. ಅಡಗಲು ಎರಡು ಪೆಟ್ಟಿಗೆಗಳಿವೆ, ಎರಡಕ್ಕೂ ಎರಡೆರಡು ಬಾಗಿಲು. ಒಂದೇ ಬಾಗಿಲಿದ್ದರೆ ಒಂದು ಮೊಲ ಇನ್ನೊಂದನ್ನು ಒಳಗೆ ಸಿಕ್ಕಿಸಿಕೊಂಡು ಕಚ್ಚಬಹುದು. ಸಂತಾನಹರಣ ಮಾಡಿಸಿದ ಗಂಡು ಮೊಲವೊಂದನ್ನು ತಂದು, ಇಬ್ಬರಿಗೂ ಹೊಸದಾದ ಜಾಗದಲ್ಲಿ ವಾರಗಟ್ಟಲೆ ಪರಿಚಯ ಮಾಡಿಸುವಾಗ ಈ ಎರಡನೆಯ ಬಾಗಿಲಿನ ಬೆಲೆ ನನಗೆ ತಿಳಿಯಿತು. ಬೆಳ್ಳಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲೇ ಆಗಿತ್ತು.

ಶೌಚಕ್ಕೆ ಕಾಗದದ ಉಂಡೆಗಳನ್ನು ಹರಡಿದ ಅಗಲವಾದ ಟ್ರೇ ಇದೆ, ಅದರ ತಲೆಯ ಕಡೆ ಒಣಹುಲ್ಲಿನ ರಾಶಿ. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿಯಾದ್ದರಿಂದ ಹುಲ್ಲು ಅಲ್ಲಿದ್ದರೆ ಅಭ್ಯಾಸ ತಾನಾಗಿಯೇ ಆಗುತ್ತದೆ, ತಂತಿ ತಳದ ಅಗತ್ಯವೇ ಬೀಳುವುದಿಲ್ಲ. ಬೆಕ್ಕುಗಳಿಗೆಂದು ಮಾರುವ, ಒದ್ದೆಯಾದರೆ ಗಟ್ಟಿಯಾಗುವ ಜೇಡಿಯನ್ನು ಹಾಕಬೇಡಿ. ಮೊಲ ಅದನ್ನು ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ನೀರಿಗೆ ತೊಟ್ಟಿಕ್ಕುವ ಬಾಟಲಿಯ ಬದಲು ಮಗುಚದಂಥ ಭಾರದ ಬಟ್ಟಲು ಇಟ್ಟ ಮೇಲೆ ಬೆಳ್ಳಿ ಕುಡಿಯುವ ನೀರು ಕಣ್ಣಿಗೆ ಕಾಣುವಷ್ಟು ಹೆಚ್ಚಾಯಿತು. ಹಲ್ಲುಗಳು ಜೀವನವಿಡೀ ಬೆಳೆಯುವುದರಿಂದ ಅದು ಕಚ್ಚದ ವಸ್ತುವಿಲ್ಲ. ವಿದ್ಯುತ್ ತಂತಿಗಳನ್ನು ಗಟ್ಟಿ ಕೊಳವೆಯೊಳಗೆ ಸೇರಿಸಿ ಆವರಣದಿಂದ ದೂರ ಒಯ್ದಿದ್ದೇನೆ.

ಹೊರಗೇ ಇಡಬೇಕಾದವರು ಕೋಳಿ ಜಾಲರಿಯನ್ನು ನಂಬಬೇಡಿ. ಅದು ಕೋಳಿಯನ್ನು ಒಳಗೆ ನಿಲ್ಲಿಸಬಲ್ಲದೇ ಹೊರತು ನಾಯಿಯನ್ನು ಹೊರಗೆ ನಿಲ್ಲಿಸಲಾರದು, ಅದರ ಕಂಡಿಗಳಲ್ಲಿ ಇಲಿ, ಹಾವು ನುಸುಳುತ್ತವೆ. ಬೆಸುಗೆ ಹಾಕಿದ, ಅರ್ಧ ಅಂಗುಲ ಕಂಡಿಯ ಗಟ್ಟಿ ಜಾಲರಿ ಬೇಕು. ಮೊಲ ಒಳಗಿನಿಂದ ತೋಡುತ್ತದೆ, ಬೇರೆ ಪ್ರಾಣಿಗಳು ಹೊರಗಿನಿಂದ ತೋಡುತ್ತವೆ, ಆದ್ದರಿಂದ ಅದು ಮಣ್ಣಿನ ಅಡಿಗೂ ಇಳಿದಿರಬೇಕು. ರಾತ್ರಿಯ ಹೊತ್ತು ಕಣ್ಣಿಗೆ ಬೀಳದಂತೆ ಮುಚ್ಚಿಕೊಳ್ಳುವ ಮರದ ಕೋಣೆಯೊಂದು ಒಳಗೇ ಇರಲಿ. ಇಷ್ಟೆಲ್ಲ ಮಾಡಲಾಗದಿದ್ದರೆ ದಯವಿಟ್ಟು ಒಳಗೇ ಇಡಿ.

ಈಗ ತಂತಿ ತಳದ ಗೂಡು ಇರುವವರು ಇಂದೇ ಮೊಲದ ಹಿಂಗಾಲುಗಳನ್ನು ನೋಡಿ. ಬೆನ್ನ ಮೇಲೆ ಅಂಗಾತ ಮಲಗಿಸಬೇಡಿ. ನೆಲದ ಮೇಲೆ ಕುಳಿತು, ಒಬ್ಬರು ಅದರ ಬೆನ್ನನ್ನು ತಮ್ಮ ಎದೆಗೆ ಆನಿಸಿ ಹಿಂಭಾಗಕ್ಕೆ ಕೈಯಾಸರೆ ಕೊಟ್ಟರೆ ಇನ್ನೊಬ್ಬರು ಕೂದಲನ್ನು ಸರಿಸಿ ನೋಡಬಹುದು. ಕೂದಲು ತೆಳುವಾಗಿದ್ದರೆ, ಚರ್ಮ ಕೆಂಪಗಿದ್ದರೆ ಅಂದೇ ನೆಲವನ್ನು ಬದಲಿಸಿ. ಒಡೆದಿದ್ದರೆ ಮನೆಯ ಮುಲಾಮು ಹಚ್ಚುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ನಮ್ಮ ಹಳೆಯ ಗೂಡನ್ನು ಬೇಡುತ್ತಾ ಇಬ್ಬರು ಬಂದಿದ್ದರು, ಒಬ್ಬರು ಮಗುವಿಗೆ ಮೊಲದ ಮರಿ ತರುವವರಿದ್ದರು. ಕೊಡಲಿಲ್ಲ. ಅದನ್ನು ಇಕ್ಕಳದಿಂದ ಕತ್ತರಿಸಿ ಗುಜರಿಗೆ ಹಾಕಿದೆ, ಮತ್ತೆ ಯಾರೂ ಜೋಡಿಸಲಾಗದಷ್ಟು ಸಣ್ಣದಾಗಿ.