ಜನಾಂಗ ನೋಡದೆ ಸೀಟು: ಕ್ಯಾಲಿಫೋರ್ನಿಯಾ ದಾರಿಯೋ, ಟೆಕ್ಸಾಸ್ ದಾರಿಯೋ?

ಪ್ರವೇಶ ಕೊಡುವಾಗ ಜನಾಂಗ ನೋಡಬಾರದು ಎಂಬ 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎಲ್ಲ ಜನಾಂಗದ ಮಕ್ಕಳನ್ನೂ ಸೇರಿಸಿಕೊಳ್ಳಲು ಅಮೆರಿಕದ ಕಾಲೇಜುಗಳು ಬೇರೆ ದಾರಿ ಹುಡುಕುತ್ತಿವೆ. (ನಮ್ಮ ಮೀಸಲಾತಿಯಂಥ ಕೋಟಾ ಅಲ್ಲಿ 1978ರಿಂದಲೇ ಇಲ್ಲ.) ಎರಡು ರಾಜ್ಯಗಳು ಇಂಥ ನಿಷೇಧವನ್ನು ಮೊದಲೇ ಅನುಭವಿಸಿವೆ.

ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಸರ್ಕಾರಿ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಷೇಧಿಸುವ ಪ್ರಾಪೊಸಿಷನ್ 209 ಎಂಬ ಪ್ರಸ್ತಾವವನ್ನು ಮತದಾರರೇ ಪಾಸ್ ಮಾಡಿದರು. 1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರಾಂತ ಕ್ಯಾಂಪಸ್‌ಗಳಾದ ಬರ್ಕ್ಲಿ, ಯುಸಿಎಲ್‌ಎಗಳಲ್ಲಿ ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳ ಸಂಖ್ಯೆ ಒಮ್ಮೆಲೇ ಕುಸಿಯಿತು. ಅದನ್ನು ಸರಿಪಡಿಸಲು ವಿಶ್ವವಿದ್ಯಾಲಯ 50 ಕೋಟಿ ಡಾಲರಿಗೂ ಜಾಸ್ತಿ ಖರ್ಚು ಮಾಡಿತು. ಇಷ್ಟಾದರೂ 2020ರಲ್ಲಿ ನಿಷೇಧ ತೆಗೆಯಲು ಜನ ಒಪ್ಪಲಿಲ್ಲ. ಶಾಲೆಯ ಮೊದಲ ಶೇ. 9ರಷ್ಟು ಮಕ್ಕಳಿಗೆ ಅಲ್ಲಿ ಸೀಟಿನ ಭರವಸೆ ಇದೆ. ಆದರೆ ಬಯಸಿದ ಕ್ಯಾಂಪಸ್ಸೇ ಸಿಗುತ್ತದೆ ಎಂದಿಲ್ಲ.

ಟೆಕ್ಸಾಸ್‌ನ 1997ರ ಕಾನೂನು ಸರಳ. ಯಾವುದೇ ಹೈಸ್ಕೂಲಿನ ಮೊದಲ ಶೇ. 10ರೊಳಗೆ ಬಂದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಪ್ರವೇಶ. ಟೆಕ್ಸಾಸ್ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಆಸ್ಟಿನ್‌ನಲ್ಲಿ ಮಾತ್ರ ಜಾಗ ಸಾಲದೆ ಈ ಮಿತಿ ಶೇ. 6ಕ್ಕೆ, 2026ರ ಪ್ರವೇಶಕ್ಕೆ ಶೇ. 5ಕ್ಕೆ ಇಳಿದಿದೆ. ಒಂದು ನೋವಿನ ಮಾತೂ ಇದೆ: ಶಾಲೆಗಳು ಜನಾಂಗವಾರು ಬೇರೆ ಬೇರೆಯಾಗಿ ಉಳಿದಿರುವುದರಿಂದಲೇ, ಪ್ರತಿ ಶಾಲೆಯ ಮೊದಲಿಗರನ್ನು ಆರಿಸಿದರೆ ಎಲ್ಲ ಜನಾಂಗದವರೂ ಸಿಗುವ ಈ ಲೆಕ್ಕ ನಡೆಯುತ್ತದೆ, ಅಲ್ವಾ?

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಟೆಕ್ಸಾಸ್ ಕಡೆ. ಹಳ್ಳಿ ಶಾಲೆಯ ಹುಡುಗಿಗೂ ತನ್ನ ರ‍್ಯಾಂಕ್ ಸಾಕಾ ಎಂಬುದು ಮೊದಲೇ ಗೊತ್ತಿರುತ್ತದೆ.