ವಿಕಿಮೀಡಿಯಾ ಕಾಮನ್ಸ್: ಕಾಂಡ್ಲಾ ಪಾಠಕ್ಕೆ ಚಿತ್ರ ಹುಡುಕುವವರಿಗೆ

ಕಾರವಾರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ವಿಕಿಮೀಡಿಯಾ ಕಾಮನ್ಸ್ ವರ್ಷಗಳಿಂದ ದಿನಬಳಕೆಯ ಸಾಮಾನು. ಯಾರು ಬೇಕಾದರೂ ಬಳಸಬಹುದಾದ ಚಿತ್ರ, ವಿಡಿಯೋಗಳನ್ನು ಕೂಡಿಟ್ಟ ತಾಣ ಇದು, 2004ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಚಿತ್ರ ಇಳಿಸಿಕೊಳ್ಳಲು ಲಾಗಿನ್ ಕೂಡ ಬೇಡ. ತಾಣ ಮಾತ್ರ ನೋಡಲಿಕ್ಕೆ ಅಷ್ಟೇನೂ ಚೆಂದ ಇಲ್ಲ. ಚೆಂದದ ಫೋಟೋ ಪುಕ್ಕಟೆ ಕೊಡುವ ತಾಣಗಳು ಬೇರೆ ಇವೆ. ಅಲ್ಲಿ ಬೇರು ಅಂತ ಹುಡುಕಿದರೆ ಸೂರ್ಯಾಸ್ತದ ಎದುರು ನಿಂತ ಮರ ಸಿಗುತ್ತದೆ. ಯಾವ ಮರ, ಎಲ್ಲಿಯದು? ಯಾರೂ ಬರೆದಿರುವುದಿಲ್ಲ. ಪಾಠಕ್ಕೆ ಅದು ಯಾತಕ್ಕೂ ಬಾರದು.

ನಮ್ಮ ಕಾಳಿ ನದಿಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನೇ ತೆಗೆದುಕೊಳ್ಳಿ. ಮಕ್ಕಳು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಾರೆ, ಎಲ್ಲವೂ ಒಂದೇ ಗಿಡ ಅಂದುಕೊಂಡಿರುತ್ತಾರೆ. ಅವುಗಳಲ್ಲಿ ರೈಜೋಫೊರಾ ಎಂಬ ಜಾತಿಗೆ ಕಾಂಡದಿಂದಲೇ ಬೇರು ಹೊರಟು, ಬಾಗಿ, ಕೆಸರಿಗೆ ಊರುತ್ತದೆ. ಅವಿಸೆನಿಯಾ ಎಂಬ ಇನ್ನೊಂದು ಜಾತಿಯದ್ದು ತಿರುಗಾಮುರುಗಾ: ಬೇರು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಎದ್ದು, ನೀರು ಇಳಿದಾಗ ಗಾಳಿ ಎಳೆದುಕೊಳ್ಳುತ್ತದೆ. ರೈಜೋಫೊರಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆ ಹಸಿರು ಕೋಲಾಗಿ ನೇತಾಡುತ್ತದೆ. ಎರಡೂ ಜಾತಿಯ ಫೋಟೋ ಅಕ್ಕಪಕ್ಕ ಇಟ್ಟರೆ ಅರ್ಧ ಪಾಠ ಮುಗಿದ ಹಾಗೆ. ಕಾಮನ್ಸ್‌ನಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಹೊಡೆಯಿರಿ. ಎಲೆ, ಹೂ, ಬೇರು ಎಲ್ಲ ಒಂದೇ ಕಡೆ ಬರುತ್ತವೆ. 'ಕಾಂಡ್ಲಾ' ಅಂತ ಕನ್ನಡದಲ್ಲಿ ಹುಡುಕಿದರೆ ಹೆಚ್ಚೇನೂ ನಿರೀಕ್ಷೆ ಬೇಡ. ವಿವರಣೆಗಳು ಜಾಸ್ತಿ ಇಂಗ್ಲಿಷಿನಲ್ಲೇ ಇವೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಕೊರತೆ. ಯಾರ ಫೋಟೋಗೆ ಬೇಕಾದರೂ ನಾವು ಕನ್ನಡ ಶೀರ್ಷಿಕೆ ಸೇರಿಸಬಹುದು, ಸೇರಿಸುವವರು ಕಡಿಮೆ ಅಷ್ಟೆ.

ಇಲ್ಲಿನ ಪ್ರತಿ ಚಿತ್ರಕ್ಕೂ ಲೈಸೆನ್ಸ್, ಅಂದರೆ ಹೇಗೆ ಬಳಸಬಹುದು ಎಂಬ ಷರತ್ತು ಬರೆದಿರುತ್ತದೆ. "ಕ್ಲಾಸಿನಲ್ಲಿ ತೋರಿಸಲಿಕ್ಕೆ ಲೈಸೆನ್ಸ್ ಎಲ್ಲ ಯಾಕೆ ಮಾರಾಯ್ರೆ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅದೂ ಸರಿಯೇ. 1957ರ ಕೃತಿಸ್ವಾಮ್ಯ ಕಾಯ್ದೆ ಪಾಠದ ಬಳಕೆಗೆ ವಿನಾಯಿತಿ ಕೊಟ್ಟಿದೆ. ಆದರೆ ನಮ್ಮ ವರ್ಕ್‌ಶೀಟು ಕ್ಲಾಸಿನೊಳಗೆ ಉಳಿಯುತ್ತದಾ? ವಾಟ್ಸಾಪಿನಲ್ಲಿ ಅಂಕೋಲಾ, ಕುಮಟಾ ದಾಟಿ ಹೋಗುತ್ತದೆ, ಯಾರೋ ಗೈಡಿನಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಬೇರೆ ಕಡೆ 'ವಾಣಿಜ್ಯ ಬಳಕೆ ಇಲ್ಲ' ಎಂಬ ಷರತ್ತಿನ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಅಂಥವು ಹೀಗೆ ಮಾರಾಟಕ್ಕೆ ಹೋದಾಗ ಸಿಕ್ಕಿಬೀಳುತ್ತವೆ. ಕಾಮನ್ಸ್ ಆ ಷರತ್ತಿನ ಚಿತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬದಲಾಯಿಸಬಾರದು ಅನ್ನುವಂಥವೂ ಇಲ್ಲ. ಹಾಗಾಗಿ ಇಂಗ್ಲಿಷ್ ಅಳಿಸಿ ಕನ್ನಡ ಹೆಸರು ಬರೆಯಬಹುದು. ಚಿತ್ರ ತೆಗೆದವರ ಹೆಸರು, ಲೈಸೆನ್ಸ್, ತಿದ್ದಿದ್ದರೆ ಆ ಮಾತನ್ನೂ ಕೆಳಗೆ ಹಾಕಿದರಾಯಿತು. ಹಾಕಬೇಕಾದ ಸಾಲನ್ನೂ ತಾಣವೇ ತಯಾರು ಮಾಡಿಕೊಡುತ್ತದೆ. ಲೈಸೆನ್ಸಿನಲ್ಲಿ 'ಶೇರ್‌ಅಲೈಕ್' ಅಂತ ಇದ್ದರೆ ನೀವು ತಿದ್ದಿದ ಚಿತ್ರವನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಕೆಲವರಿಗೆ ಇದು ಕಿರಿಕಿರಿ. ನನಗೆ ನ್ಯಾಯ ಅನ್ನಿಸುತ್ತದೆ.

ರೇಖಾಚಿತ್ರ ಬೇಕಿದ್ದರೆ ಎಸ್‌ವಿಜಿ ಎಂಬ ಮಾದರಿಯ ಫೈಲನ್ನೇ ಆರಿಸಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು ಚಿತ್ರದೊಳಗಿನ ಹೆಸರು ಬದಲಾಯಿಸಬಹುದು, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಯುನಿಕೋಡ್ ಕನ್ನಡ ಬಳಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ 'ಬೇರು' ಹೋಗಿ ಏನೇನೋ ಗೀರು ಕಾಣುತ್ತದೆ.

ಇನ್ನು ನಾವೇ ಚಿತ್ರ ಏರಿಸುವ ವಿಚಾರ. ನೀವೇ ತೆಗೆದ ಫೋಟೋ ಆಗಿರಬೇಕು, ವಾಟ್ಸಾಪಿನಲ್ಲಿ ಬಂದದ್ದು ನಡೆಯದು. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ಪಡೆಯುವಂತಿಲ್ಲ, ಯಾರೋ ಕ್ಯಾಲೆಂಡರಿಗೆ ಹಾಕಿಕೊಂಡರೂ ಸಿಟ್ಟು ಮಾಡುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಪ್ರತಿಮೆಯ ಫೋಟೋ ಆಗಬಹುದು. ಗೋಡೆ ಮೇಲೆ ಈಚೆಗೆ ಯಾರೋ ಬರೆದ ಯಕ್ಷಗಾನದ ಚಿತ್ರದ ಫೋಟೋ ಆಗದು, ನಮ್ಮ ಕಾಯ್ದೆಯ ವಿನಾಯಿತಿ ಅದಕ್ಕಿಲ್ಲ. ವಿಚಿತ್ರ ಅಲ್ವಾ? ಮಕ್ಕಳ ಮುಖ ನಾನು ಹಾಕುವುದೇ ಇಲ್ಲ. ಫೋನಿನ ಲೊಕೇಶನ್ ಫೋಟೋ ಜೊತೆಗೇ ಹೋಗುತ್ತದೆ, ಮನೆಯಂಗಳದ ಚಿತ್ರವಾದರೆ ತೆಗೆದುಹಾಕಿ.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಇನ್ನು ಅದರ ಫೋಟೋ ಹೊಸದಾಗಿ ತೆಗೆಯಲಿಕ್ಕಾಗದು. ಸದಾಶಿವಗಡದ ಕಡೆ ಹೋಗುವಾಗ ಸುಮ್ನೆ ಕ್ಲಿಕ್ಕಿಸಿದ್ದು ನಿಮ್ಮ ಫೋನಿನಲ್ಲಿ ಕೂತಿದ್ದರೆ ತಾರೀಖು, ಜಾಗ ಬರೆದು ಏರಿಸಿ. ಸೂರ್ಯಾಸ್ತದ ಫೋಟೋ ಮಾತ್ರ ದಮ್ಮಯ್ಯ, ಸಾಕು.

ವಿಡಿಯೋ ಹಾಕುವುದು ತಲೆನೋವು. ಫೋನಿನ ಎಂಪಿ4 ಫೈಲು ತೆಗೆದುಕೊಳ್ಳುವುದಿಲ್ಲ, ವೆಬ್‌ಎಮ್ ಎಂಬ ಇನ್ನೊಂದು ಮಾದರಿಗೆ ಬದಲಾಯಿಸಬೇಕು. ಅದಕ್ಕೂ ಕನ್ನಡದ ಕೊರತೆಗೂ ಸೇರಿ ಒಂದು ಅಂಕ ಕಳೆದು, ಐದಕ್ಕೆ ನಾಲ್ಕು ಕೊಡುತ್ತೇನೆ.

ಸಿರ್ಸಿ ಕಡೆಯವರಲ್ಲಿ ಒಂದು ಕೇಳಿಕೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತೀರಲ್ಲ, ಅದರ ಹಂತಹಂತದ ಫೋಟೋ ಬೇಕು. ಮೈಲುತುತ್ತ ಕರಗಿದ ನೀಲಿ ನೀರು, ಸುಣ್ಣದ ತಿಳಿ, ಎರಡೂ ಕೂಡಿದಾಗಿನ ಬಣ್ಣ, ಆಮೇಲೆ ಮರ ಹತ್ತಿ ಅಡಿಕೆ ಗೊನೆಗೆ ಹೊಡೆಯುವುದು. ಈ ಮಳೆಗಾಲದಲ್ಲಿ ಯಾರಾದರೂ ತೆಗೆದು ಹಾಕಿದರೆ ಹತ್ತನೇ ಕ್ಲಾಸಿನ ರಸಾಯನಶಾಸ್ತ್ರಕ್ಕೆ ನಾನೇ ಮೊದಲು ಇಳಿಸಿಕೊಳ್ಳುತ್ತೇನೆ.