ಬಂಗಾರಪೇಟೆ ರಸ್ತೆಯ ಬೋರ್ಡಿಲ್ಲದ ಗ್ಯಾರೇಜು: ಗೇರ್ ಬಾಕ್ಸ್ ಇಳಿಸದೆ ಸರಿಯಾದ ನನ್ನ ಕ್ಲಚ್

ಕೋಲಾರದಿಂದ ಬಂಗಾರಪೇಟೆ ಕಡೆ ಹೋಗುವಾಗ ಒಂದು ಪಂಕ್ಚರ್ ಅಂಗಡಿ, ಅದಕ್ಕೆ ಅಂಟಿಕೊಂಡ ಹಾಗೆ ತಗಡಿನ ಶೆಡ್ಡು, ಮುಂದೆ ಬೇವಿನ ಮರ. ಬೋರ್ಡಿಲ್ಲ. ಲಾರಿಯವರನ್ನ ಕೇಳಿದರೆ "ಭಾಯ್ ಶೆಡ್ಡಾ?" ಅಂತ ಕೈ ತೋರಿಸುತ್ತಾರೆ. ಆ ಶೆಡ್ಡಿನ ಬಗ್ಗೆ ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ಅವತ್ತು ಅಲ್ಲಿಗೆ ಹೋಗದೆ ಇದ್ದಿದ್ದರೆ ನನ್ನ ಜೇಬಿನಿಂದ 16,000 ರೂಪಾಯಿ ಹೋಗುತ್ತಿತ್ತು, ಗಾಡಿ ಮೂರು ದಿನ ನಿಲ್ಲುತ್ತಿತ್ತು.

ಹದಿನಾರು ವರ್ಷ ಬೇರೆಯವರ ಗಾಡಿ ಓಡಿಸಿದ ಮೇಲೆ ಹೋದ ವರ್ಷ ನನ್ನದೇ ಅಂತ ಒಂದು ಸೆಕೆಂಡ್ ಹ್ಯಾಂಡ್ ಹದಿನಾಲ್ಕು ಅಡಿ ಲಾರಿ ತಗೊಂಡೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹೇರಿ ಚೆನ್ನೈ ಕೋಯಂಬೇಡು ಮಾರ್ಕೆಟ್ಟಿಗೆ ಹೊಡೆಯೋದು. 250 ಬಾಕ್ಸ್, ಬಾಕ್ಸಿಗೆ 15 ಕೆಜಿ. ತಗೊಳ್ಳುವಾಗ ಒಂದು ವಿಷಯ ಗಮನಿಸಿದ್ದೆ. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಗಾಡಿ ಎಳೆಯುತ್ತಿತ್ತು. ಮಾರಿದವರು "ಹೊಸ ಪ್ಲೇಟ್ ಹಾಕ್ಸಿದೀನಿ ಅಣ್ಣ, ಅದಕ್ಕೇ ಹಾಗೆ" ಅಂದರು. ನಂಬಿದೆ.

ಮೂರನೇ ಟ್ರಿಪ್ಪಿನಲ್ಲಿ ಗೊತ್ತಾಯಿತು. ಪಲಮನೇರು ದಾಟಿ ಮೊಗಿಲಿ ಘಾಟಲ್ಲಿ ಲೋಡಿನ ಜೊತೆ ಇಳಿಯುವಾಗ ಏನೂ ಕಾಣಲಿಲ್ಲ. ಇಳಿಜಾರಲ್ಲಿ ಕ್ಲಚ್‌ಗೆ ಏನು ಕೆಲಸ? ವಾಪಸ್ಸು ಬರುವಾಗ, ಬರೀ ಖಾಲಿ ಬಾಕ್ಸು ಹೇರಿಕೊಂಡು ಅದೇ ಘಾಟ್ ಹತ್ತುತ್ತಿದ್ದೀನಿ, ಮೂರನೇ ಗೇರಲ್ಲಿ ಆಕ್ಸಿಲೇಟರ್ ಒತ್ತಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಅಷ್ಟೇ ಸ್ಪೀಡಲ್ಲಿ. ಆಮೇಲೆ ಆ ವಾಸನೆ, ಸುಟ್ಟ ವೈರಿನ ಹಾಗೆ. ಖಾಲಿ ಗಾಡಿಗೇ ಹೀಗಾದರೆ ಲೋಡಿಗೆ ಏನು ಗತಿ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಆರಲು ಬಿಟ್ಟು ಬಂದೆ.

ಮಾರನೆ ದಿನ ಹೈವೇ ಪಕ್ಕದ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಗಾಡಿ ಹತ್ತಿಯೂ ನೋಡಲಿಲ್ಲ. "ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಫುಲ್ ಸೆಟ್. ಗೇರ್ ಬಾಕ್ಸ್ ಇಳಿಸಬೇಕು. ಲೇಬರ್ ಸೇರಿ ಹದಿನಾರು ಸಾವಿರ." ಮನಸ್ಸು ಒಪ್ಪಲಿಲ್ಲ. ಮಂಡಿಯಲ್ಲಿ ಜೊತೆಗಿರುವ ಡ್ರೈವರ್ ಒಬ್ಬರು ಈ ಶೆಡ್ಡಿಗೆ ಕಳಿಸಿದರು.

ಭಾಯ್‌ಗೆ ಅರವತ್ತರ ಹತ್ತಿರ ವಯಸ್ಸು. ಮೊದಲು ಕೇಳಿದ್ದು, "ರಿವರ್ಸ್ ಹೆಂಗ್ ಬೀಳ್ತದೆ?" ಕರ್ ಅನ್ನಲ್ಲ, ಸಲೀಸಾಗಿ ಬೀಳುತ್ತೆ ಅಂದೆ. ಆಮೇಲೆ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿಸಿ, ಹ್ಯಾಂಡ್ ಬ್ರೇಕ್ ಹಾಕಿಸಿ, ನಾಲ್ಕನೇ ಗೇರಿಗೆ ಹಾಕಿ ಸ್ವಲ್ಪ ರೇಸ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡು ಅಂದರು. ಸರಿಯಿರುವ ಕ್ಲಚ್ ಆದರೆ ಇಂಜಿನ್ ಅಲ್ಲೇ ಉಸಿರು ಕಟ್ಟಿ ಆಫ್ ಆಗಬೇಕು. ನನ್ನದು ಮೂರು ನಾಲ್ಕು ಸೆಕೆಂಡು ನರಳಿಕೊಂಡು ಓಡಿತು. "ಸಾಕು, ಒಂದೇ ಸಲ. ಪದೇ ಪದೇ ಮಾಡಿದ್ರೆ ಇರೋ ಪ್ಲೇಟೂ ಸುಡ್ತದೆ."

ಆಮೇಲೆ ಒಂದು ಸ್ಟೀಲ್ ಸ್ಕೇಲ್ ತಂದರು. ಅದರ ಅಂಕಿಗಳು ಅರ್ಧ ಅಳಿಸಿಹೋಗಿವೆ, ಹತ್ತರ ಗೀಟುಗಳಿಗೆ ಮೊಳೆಯಲ್ಲಿ ಗೀರಿ ಗುರುತು ಮಾಡಿಕೊಂಡಿದ್ದಾರೆ. ಪೆಡಲ್ ಪಕ್ಕ ನೆಟ್ಟಗೆ ನಿಲ್ಲಿಸಿ ಎರಡೇ ಬೆರಳಲ್ಲಿ ಪೆಡಲ್ ಒತ್ತಿದರು. ಬೆರಳಿಗೆ ಭಾರ ಸಿಗುವ ತನಕ ಪೆಡಲ್ ಸುಮ್ಮನೆ ಹೋಗಬೇಕು, ಅದೇ ಪ್ಲೇ. ಇಂಥ ಗಾಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇರಬೇಕು ಅಂದರು. ನನ್ನದರಲ್ಲಿ ಎರಡು ಮಿಲಿಮೀಟರೂ ಇರಲಿಲ್ಲ. ಕೆಳಗೆ ಮಲಗಿ ಕ್ಲಚ್ ಬಿಡಿಸುವ ಲಿವರು, ಅಂದರೆ ಫೋರ್ಕು, ಅದರ ಸ್ಪ್ರಿಂಗ್ ಕಳಚಿ ಕೈಯಲ್ಲೇ ಅಲ್ಲಾಡಿಸಿ ನೋಡಿದರು. ಅಲುಗಲಿಲ್ಲ.

ನನ್ನನ್ನೂ ಕೆಳಗೆ ಕರೆದು ತೋರಿಸಿದರು. ಪೆಡಲ್ ತುಳಿದಾಗ ಆಯಿಲಿನ ಒತ್ತಡದಲ್ಲಿ ಆ ಲಿವರನ್ನ ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನ ಉಗುರಲ್ಲಿ ಎತ್ತಿದಾಗ ಕಾಫಿ ಡಿಕಾಕ್ಷನ್ ಬಣ್ಣದ ಬ್ರೇಕ್ ಆಯಿಲ್ ಒಂದು ಹನಿ ಅವರ ಬೆರಳ ಮೇಲೆ ಬಿತ್ತು. ಅಲ್ಲಿಗೆ ಕಥೆ ಎಲ್ಲ ಗೊತ್ತಾಯಿತು. ಒಳಗಿನ ವಾಷರ್ ಸವೆದು ಆಯಿಲ್ ಸೋರಿ ಲೈನಲ್ಲಿ ಗಾಳಿ ಸೇರಿದೆ. ಗಾಳಿ ಇದ್ದರೆ ಪೆಡಲ್ ತುಳಿದಿದ್ದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಕರ್ ಅನ್ನುತ್ತೆ. ಗಿರಾಕಿಗೆ ಆ ಸದ್ದು ಕೇಳಿಸಬಾರದು ಅಂತ ಯಾರೋ ಸಿಲಿಂಡರಿಗೂ ಲಿವರಿಗೂ ನಡುವಿನ ಪುಷ್ ರಾಡನ್ನ ತಿರುಗಿಸಿ ಉದ್ದ ಮಾಡಿ ಲಾಕ್ ನಟ್ ಬಿಗಿದಿದ್ದಾರೆ. ರಿವರ್ಸ್ ಸರಿಹೋಯಿತು, ಆದರೆ ಲಿವರ್ ತಳ್ಳುವ ರಿಲೀಸ್ ಬೇರಿಂಗು, ಕ್ಲಚ್ ಪ್ಲೇಟನ್ನ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ಹಗಲು ರಾತ್ರಿ ಒರಗಿಕೊಂಡೇ ಇದೆ. ನಾನು ಕಾಲು ತೆಗೆದಿದ್ದರೂ ಕ್ಲಚ್ ಲೆಕ್ಕಕ್ಕೆ ಸ್ವಲ್ಪ ಒತ್ತಿಕೊಂಡೇ ಇದ್ದ ಹಾಗೆ. ಹಿಡಿತ ಎಲ್ಲಿಂದ ಬರಬೇಕು?

ಕೋಪ ಬಂತು, ನಿಜ ಹೇಳಬೇಕಂದರೆ. ಒಬ್ಬ ಡ್ರೈವರು ಘಾಟಲ್ಲಿ ಆ ಗಾಡಿ ಹತ್ತಿಸಬೇಕು ಅಂತ ಯೋಚನೆ ಮಾಡದೆ ಹೀಗೆ ಮಾಡುತ್ತಾರಲ್ಲ.

ಸಿಲಿಂಡರ್ ಬಿಚ್ಚಿ ಹೊಸ ವಾಷರ್ ಕಿಟ್ ಹಾಕಿದರು, ಹಳೇ ಆಯಿಲ್ ಎಲ್ಲ ಚೆಲ್ಲಿ ಹೊಸದು ತುಂಬಿದರು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂದರು. ಆಮೇಲೆ ಗಾಳಿ ತೆಗೆಯೋ ಕೆಲಸ. ಹೆಲ್ಪರ್ ಹುಡುಗ ಸೀಟಲ್ಲಿ, ಭಾಯ್ ಕೆಳಗೆ. "ಒತ್ತು... ಹಿಡ್ಕೋ... ಬಿಡು." ಗಾಳಿ ಬಿಡುವ ನಿಪ್ಪಲಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಪೈಪಿನಲ್ಲಿ ಮೊದಲು ಬರೀ ಗುಳ್ಳೆ. ಗುಳ್ಳೆ ನಿಂತು ಆಯಿಲ್ ಎಳೆಯಾಗಿ ಹರಿಯುವ ತನಕ ಇಪ್ಪತ್ತು ಸಲವಾದರೂ ಆ ಮೂರು ಮಾತು ಹೇಳಿರಬೇಕು. ಕೊನೆಗೆ ಪುಷ್ ರಾಡ್ ಗಿಡ್ಡ ಮಾಡಿ, ಲಿವರ್ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಲುಗುವ ಹಾಗೆ ಬಿಟ್ಟು ಲಾಕ್ ನಟ್ ಕಟ್ಟಿದರು. ಪೆಡಲಲ್ಲಿ 32 ಮಿಲಿಮೀಟರ್ ಪ್ಲೇ ಬಂತು. ಅದೇ ನಾಲ್ಕನೇ ಗೇರಿನ ಪರೀಕ್ಷೆ ಮತ್ತೆ ಮಾಡಿಸಿದರು, ಕ್ಲಚ್ ಬಿಡುತ್ತಿದ್ದ ಹಾಗೆ ಇಂಜಿನ್ ಗಕ್ಕನೆ ನಿಂತಿತು. ಪೆಡಲ್ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿದರೆ ಸದ್ದಿಲ್ಲ.

ಬಿಲ್ಲು: ಕಿಟ್, ಆಯಿಲ್, ಕೂಲಿ ಎಲ್ಲ ಸೇರಿ 1,450 ರೂಪಾಯಿ. ಬಿಲ್ಲು ಅಂದೆ, ಕಾಗದ ಕೊಡುವುದಿಲ್ಲ, ಬಾಯಲ್ಲೇ ಲೆಕ್ಕ. ಕಂಪನಿಗೆ ಗಾಡಿ ಹಚ್ಚಿರುವವರಿಗೆ, ಖರ್ಚು ತೋರಿಸಬೇಕಾದವರಿಗೆ ಇದು ತೊಂದರೆ, ಮೊದಲೇ ಕೇಳಿಕೊಳ್ಳಿ. ಕಾಯುವುದೂ ಜಾಸ್ತಿ. ಬೆಳಗ್ಗೆ ಒಂಬತ್ತಕ್ಕೆ ಹೋದವನು ಗಾಡಿ ತೆಗೆದಿದ್ದು ಸಂಜೆ ಐದಕ್ಕೆ, ಅದರಲ್ಲಿ ನನ್ನ ಕೆಲಸ ಎರಡೂವರೆ ಗಂಟೆ ಅಷ್ಟೇ. ಶ್ರೀನಿವಾಸಪುರದ ಮಾವಿನ ಸೀಸನ್ನಲ್ಲಿ ಹೋದರೆ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ.

ಪ್ಲೇಟ್ ಹೊಸದು ಅಂತ ಭಾಯ್ ಹೇಳಲಿಲ್ಲ. "ಇಷ್ಟು ದಿನ ಜಾರಿ ಓಡಿದೆ, ಸ್ವಲ್ಪ ತಿಂದಿರ್ತದೆ. ಪ್ಲೇಟ್ ಸವೆದಂಗೆಲ್ಲ ಪ್ಲೇ ಕಮ್ಮಿ ಆಯ್ತಾ ಬರ್ತದೆ. ಅಳೀತಾ ಇರು. ರಾಡಲ್ಲಿ ತಿರುಗಿಸೋಕೆ ಥ್ರೆಡ್ಡೇ ಮುಗೀತು ಅಂದಾಗ ಬಾ, ಆವಾಗ ಗೇರ್ ಬಾಕ್ಸ್ ಇಳ್ಸಾಣ." ಜೊತೆಗೆ ಸದ್ದಿನ ಬಗ್ಗೆಯೂ ಹೇಳಿಕೊಟ್ಟರು. ಪೆಡಲ್ ತುಳಿದಾಗ ಗರ್ ಅಂದರೆ ರಿಲೀಸ್ ಬೇರಿಂಗು, ತುಳಿದಾಗ ಸದ್ದು ನಿಂತು ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು. ಮತ್ತೆ, ಓಡಿಸುವಾಗ ಎಡಗಾಲು ಪೆಡಲ್ ಮೇಲೆ ಇಡಬೇಡ ಅಂತ. ಆ ಅಭ್ಯಾಸ ನನಗಿತ್ತು, ಬಿಟ್ಟಿದ್ದೀನಿ.

ಗಾಡಿ ತೆಗೆಯುವ ಮುಂಚೆ ಡ್ರೈವರ್ ಬಾಗಿಲ ಒಳಗೆ ಸೀಮೆಸುಣ್ಣದಲ್ಲಿ 32 ಅಂತ ಬರೆದುಕೊಟ್ಟರು. ಇಪ್ಪತ್ತು ರೂಪಾಯಿಯ ಒಂದು ಸ್ಕೇಲ್ ತಗೊಂಡು ಡ್ಯಾಶ್ ಬೋರ್ಡಲ್ಲಿ ಇಟ್ಟುಕೊಂಡಿದ್ದೀನಿ. ಅಲ್ಲಿಂದ ಈಚೆಗೆ ಮೊಗಿಲಿ ಘಾಟ್ ಹನ್ನೊಂದು ಸಲ ಹತ್ತಿದ್ದೀನಿ, ವಾಸನೆ ಬಂದಿಲ್ಲ. ಹೋದ ಭಾನುವಾರ ಅಳೆದಾಗ 29 ಇತ್ತು.